ಅರಿವಳಿಕೆಯ ಮದ್ದು ಎಲ್ಲಿ ಹೋಗುತ್ತದೆ?

ಥಯೋಪೆಂಟಾಲ್ ನೋಡಲು ತಿಳಿಹಳದಿ ಬಣ್ಣದ ಪುಡಿ. ನೀರಿನಲ್ಲಿ ಕರಗಿಸಿ ರಕ್ತನಾಳಕ್ಕೆ ಕೊಟ್ಟರೆ ಅರ್ಧ ನಿಮಿಷದಲ್ಲಿ ರೋಗಿಗೆ ಎಚ್ಚರ ತಪ್ಪುತ್ತದೆ. ಅದಕ್ಕೆ ಮುಂಚಿನ ಒಂದು ಕ್ಷಣ ಬಾಯಲ್ಲಿ ಈರುಳ್ಳಿಯದೋ ಬೆಳ್ಳುಳ್ಳಿಯದೋ ರುಚಿ ಬಂತು ಎನ್ನುವವರಿದ್ದಾರೆ. ಮತ್ತೆ ಮದ್ದು ಕೊಡದಿದ್ದರೆ ಐದು-ಹತ್ತು ನಿಮಿಷದಲ್ಲಿ ರೋಗಿ ಕಣ್ಣು ಬಿಡುತ್ತಾನೆ. ಎಚ್ಚರವಾಯಿತು ಎಂದರೆ ಮದ್ದು ಮುಗಿಯಿತು ಎಂದೇ ಯಾರಾದರೂ ತಿಳಿಯುತ್ತಾರೆ. ಬಹುಕಾಲ ವೈದ್ಯರೂ ಹಾಗೆಯೇ ತಿಳಿದಿದ್ದರು. ವಾಸ್ತವದಲ್ಲಿ ಆ ಹೊತ್ತಿಗೆ ಕೊಟ್ಟ ಮದ್ದಿನ ಬಹುಪಾಲು ದೇಹದೊಳಗೇ, ಕೊಟ್ಟ ರೂಪದಲ್ಲೇ ಇರುತ್ತದೆ.

ಈ ಮದ್ದನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1934ರಲ್ಲಿ, ಅಮೆರಿಕದ ಮ್ಯಾಡಿಸನ್‌ನಲ್ಲಿ ರಾಲ್ಫ್ ವಾಟರ್ಸ್ ಮತ್ತು ಮೇಯೊ ಕ್ಲಿನಿಕ್‌ನಲ್ಲಿ ಜಾನ್ ಲಂಡಿ. ಒಮ್ಮೆ ಕೊಟ್ಟರೆ ನಿಮಿಷಗಳಲ್ಲಿ ಇಳಿಯುತ್ತಿದ್ದ ಮಂಪರು, ದೀರ್ಘ ಶಸ್ತ್ರಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಕೊಟ್ಟಾಗ ಗಂಟೆಗಟ್ಟಲೆ ಇಳಿಯುತ್ತಿರಲಿಲ್ಲ. ಒಂದೇ ಮದ್ದು ಹೀಗೆ ಎರಡು ಬಗೆಯಾಗಿ ನಡೆದುಕೊಳ್ಳುವುದೇಕೆ ಎಂಬ ಪ್ರಶ್ನೆಯನ್ನು ನ್ಯೂಯಾರ್ಕ್‌ನಲ್ಲಿ ಬರ್ನಾರ್ಡ್ ಬ್ರೋಡಿ ಮತ್ತು ಸಂಗಡಿಗರು ಕೈಗೆತ್ತಿಕೊಂಡರು. ರಕ್ತದಲ್ಲಿ, ಅಂಗಾಂಶಗಳಲ್ಲಿ ಮದ್ದಿನ ಪ್ರಮಾಣವನ್ನು ಅಳೆದು 1950ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನಂಬಿಕೆಯನ್ನು ತಲೆಕೆಳಗು ಮಾಡಿತು. ದೇಹ ಥಯೋಪೆಂಟಾಲನ್ನು ಒಡೆಯುವುದು ಗಂಟೆಗೆ ನೂರರಲ್ಲಿ 10ರಿಂದ 15 ಪಾಲಿನಷ್ಟು ಮಾತ್ರ. ಹತ್ತು ನಿಮಿಷದಲ್ಲಿ ಒಡೆಯುವ ಪಾಲು ತೀರ ಅಲ್ಪ.

ಹಾಗಾದರೆ ರೋಗಿ ಏಳುವುದು ಹೇಗೆ? ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು 15 ಪಾಲು ಮಿದುಳಿಗೇ ಹೋಗುತ್ತದೆ. ಹಾಗಾಗಿ ಮದ್ದಿನ ಮೊದಲ ಅಲೆ ಅಲ್ಲಿಗೆ ತಲುಪುತ್ತದೆ, ಎಚ್ಚರ ತಪ್ಪುತ್ತದೆ. ಅನಂತರ ರಕ್ತ ಅದೇ ಮದ್ದನ್ನು ಮಿದುಳಿನಿಂದ ಎತ್ತಿಕೊಂಡು ಉಳಿದ ಅಂಗಗಳಿಗೆ ಹಂಚುತ್ತದೆ. ಮಿದುಳಿನಲ್ಲಿ ಅದರ ಮಟ್ಟ ಇಳಿದಾಗ ಎಚ್ಚರವಾಗುತ್ತದೆ. ಮದ್ದು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ ಎಂದು ಬ್ರೋಡಿ ಭಾವಿಸಿದ್ದರು. ಕೊಬ್ಬಿಗೆ ರಕ್ತದ ಹರಿವು ಕಡಿಮೆ, ನಿಮಿಷಗಳಲ್ಲಿ ಅಷ್ಟೊಂದು ಮದ್ದು ಅಲ್ಲಿಗೆ ತಲುಪಲು ಸಾಧ್ಯವಿಲ್ಲ, ಮೊದಲು ಅದನ್ನು ಹೀರುವುದು ಸ್ನಾಯು ಎಂದು 1960ರಲ್ಲಿ ಹೆನ್ರಿ ಪ್ರೈಸ್ ತೋರಿಸಿದರು. ಕೊಬ್ಬು ತುಂಬಿಕೊಳ್ಳುವುದು ಗಂಟೆಗಳ ನಂತರ. ಮತ್ತೆ ಮತ್ತೆ ಕೊಟ್ಟಾಗ ಸ್ನಾಯುವೂ ತುಂಬಿ, ಮದ್ದಿಗೆ ಹೋಗಲು ಬೇರೆ ಎಡೆಯಿಲ್ಲದಂತಾಗುತ್ತದೆ. ಆಗ ಎಚ್ಚರ ಬರಬೇಕಾದರೆ ದೇಹ ಅದನ್ನು ನಿಜವಾಗಿಯೂ ಒಡೆಯಬೇಕು, ಅದಕ್ಕೆ ಅದರದ್ದೇ ಸಮಯ ಬೇಕು. ಆಪರೇಷನ್ ಮುಗಿಸಿ ಅದೇ ದಿನ ಮನೆಗೆ ಹೋಗುವವರಿಗೆ 24 ಗಂಟೆ ಗಾಡಿ ಓಡಿಸಬೇಡಿ, ಮುಖ್ಯ ಕಾಗದಪತ್ರಕ್ಕೆ ಸಹಿ ಹಾಕಬೇಡಿ ಎಂದು ಹೇಳುವುದಕ್ಕೆ ಇಂಥ ಲೆಕ್ಕಾಚಾರವೂ ಕಾರಣ. ಕಣ್ಣು ತೆರೆದವನ ದೇಹದಲ್ಲಿ ಮದ್ದು ಇನ್ನೂ ಓಡಾಡುತ್ತಿರಬಹುದು.

ಎಲ್ಲ ಅರಿವಳಿಕೆ ಮದ್ದುಗಳಿಗೂ ಒಂದು ಇಕ್ಕಟ್ಟು ಹುಟ್ಟಿನಿಂದಲೇ ಬಂದಿದೆ. ಮಿದುಳಿನ ರಕ್ತನಾಳಗಳ ಗೋಡೆ ಬಿಗಿಯಾದದ್ದು. ಕೊಬ್ಬಿನಲ್ಲಿ ಕರಗುವ ವಸ್ತುಗಳಷ್ಟೇ ಅದನ್ನು ಸಲೀಸಾಗಿ ದಾಟುತ್ತವೆ. ಆದ್ದರಿಂದ ಅರಿವಳಿಸುವ ಮದ್ದು ಜಿಡ್ಡಿನ ಸ್ವಭಾವದ್ದಾಗಿರಲೇಬೇಕು. ಆದರೆ ಕಿಡ್ನಿ ಹೊರಹಾಕುವುದು ನೀರಿನಲ್ಲಿ ಕರಗುವ ವಸ್ತುಗಳನ್ನು. ಜಿಡ್ಡಿನ ವಸ್ತು ಕಿಡ್ನಿಯಲ್ಲಿ ಸೋಸಿದರೂ ಅದರ ನಳಿಕೆಗಳ ಗೋಡೆಯ ಮೂಲಕ ಮತ್ತೆ ರಕ್ತಕ್ಕೇ ಮರಳುತ್ತದೆ. ಒಳಹೋಗಲು ನೆರವಾದ ಗುಣವೇ ಹೊರಬರಲು ಅಡ್ಡಿ. ಎಣ್ಣೆಜಿಡ್ಡಿನ ಪಾತ್ರೆ ಬರಿಯ ನೀರಿಗೆ ಸ್ವಚ್ಛವಾಗುವುದಿಲ್ಲ, ಸೋಪು ಬೇಕು. ದೇಹದಲ್ಲಿ ಆ ಕೆಲಸ ಮುಖ್ಯವಾಗಿ ಯಕೃತ್ತಿನದು, ಅಂದರೆ ಲಿವರಿನದು.

ಯಕೃತ್ತಿನ ಜೀವಕೋಶಗಳಲ್ಲಿ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ದೊಡ್ಡ ಕುಟುಂಬವಿದೆ. 450 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹೀರುವ ಗುಣದಿಂದ ಇವುಗಳಿಗೆ ಈ ಹೆಸರು. ಮದ್ದಿನ ಅಣುವಿಗೆ ಆಮ್ಲಜನಕವನ್ನು ಜೋಡಿಸುವುದು ಇವುಗಳ ಮುಖ್ಯ ಕಸುಬು. ಆಮ್ಲಜನಕ ಸೇರಿದ ಜಾಗಕ್ಕೆ ಇನ್ನೊಂದು ತಂಡದ ಕಿಣ್ವಗಳು ಸಕ್ಕರೆಯ ಸಂಬಂಧಿಯಾದ ಗ್ಲುಕ್ಯುರಾನಿಕ್ ಆಮ್ಲವನ್ನು ಅಂಟಿಸುತ್ತವೆ. ಅಲ್ಲಿಗೆ ಜಿಡ್ಡಿನ ಅಣು ನೀರಿನಲ್ಲಿ ಕರಗುವ ಅಣುವಾಗಿ ಮೂತ್ರದ ದಾರಿ ಹಿಡಿಯುತ್ತದೆ. ಈ ಏರ್ಪಾಡು ಸಾಮಾನ್ಯವಾಗಿ ಸುರಕ್ಷಿತ. ಕೆಲವೊಮ್ಮೆ ಮಾತ್ರ ಅರ್ಧ ಕೆಲಸವಾದ ಹಂತದಲ್ಲಿ ಹುಟ್ಟುವ ಅಣು ಮೂಲ ಮದ್ದಿಗಿಂತ ಅಪಾಯಕಾರಿಯಾಗಿರುತ್ತದೆ. ಅರಿವಳಿಕೆಯ ಇತಿಹಾಸದ ಕೆಲವು ದುಃಖದ ಅಧ್ಯಾಯಗಳು ಇಲ್ಲಿಂದಲೇ ಶುರುವಾದವು.

ಉಸಿರಿನ ಮೂಲಕ ಕೊಡುವ ಅರಿವಳಿಕೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ ಎಂದೇ ನೂರು ವರ್ಷಕ್ಕೂ ಹೆಚ್ಚು ಕಾಲ ಎಣಿಸಲಾಗಿತ್ತು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ತೋರಿಸಿದರು. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರಂ ಬಳಕೆಗೆ ತಂದರು. ಆವಿ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುತ್ತದೆ. ಆವಿ ನಿಲ್ಲಿಸಿದಾಗ ಅದೇ ದಾರಿಯಲ್ಲಿ ಹಿಂದಿರುಗಿ ಉಸಿರಿನಲ್ಲಿ ಹೊರಬೀಳುತ್ತದೆ. ಎಚ್ಚರವಾದ ರೋಗಿಯ ಬಾಯಿಂದ ಈಥರಿನ ವಾಸನೆ ಬರುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ದೇಹ ಅದನ್ನು ಮುಟ್ಟುವುದೇ ಇಲ್ಲ ಎಂಬ ತೀರ್ಮಾನಕ್ಕೆ ಅಷ್ಟೇ ಸಾಕಾಗಿತ್ತು.

ಆದರೆ ಎಚ್ಚರಿಕೆಯ ಸುಳಿವುಗಳು ಹಿಂದಿನಿಂದಲೂ ಇದ್ದವು. ಕ್ಲೋರೋಫಾರಂ ಕೊಟ್ಟ ಮೇಲೆ ಚೆನ್ನಾಗಿಯೇ ಎಚ್ಚರಗೊಂಡು, ಕೆಲವು ದಿನಗಳಲ್ಲಿ ವಾಂತಿ ಕಾಣಿಸಿಕೊಂಡು ಯಕೃತ್ತು ಕೆಟ್ಟು ತೀರಿಕೊಂಡ ಮಕ್ಕಳ ಬಗ್ಗೆ ಲೆನಾರ್ಡ್ ಗತ್ರಿ ಎಂಬ ಇಂಗ್ಲಿಷ್ ವೈದ್ಯರು 1894ರಲ್ಲೇ ಬರೆದಿದ್ದರು. ಆ ಕಾಲದಲ್ಲಿ ಕ್ಲೋರೋಫಾರಂ ಕುರಿತ ವಾದವೆಲ್ಲ ಬೇರೆ ಕಡೆಗೆ ವಾಲಿತ್ತು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬುದೇ ಆಗಿನ ದೊಡ್ಡ ಜಗಳ. ಅದರ ಇತ್ಯರ್ಥಕ್ಕೆ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ಕೂತವು. ಇಂದಿನ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳನ್ನೂ ಆಳುತ್ತಿದ್ದ ನಿಜಾಮರೇ ಅದರ ಖರ್ಚು ಕೊಟ್ಟರು, ಎಡ್ವರ್ಡ್ ಲಾರಿ ಮುಂದೆ ನಿಂತು ನಡೆಸಿದರು. ಉಸಿರು ನೋಡಿಕೊಂಡರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂಬ ಅದರ ತೀರ್ಪು ತಪ್ಪೆಂದು 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಈ ಗಲಾಟೆಯಲ್ಲಿ ಯಕೃತ್ತಿನ ಸಂಗತಿ ಹಿಂದೆ ಸರಿಯಿತು. ಯಕೃತ್ತಿನ ಪಿ450 ಕಿಣ್ವಗಳು ಕ್ಲೋರೋಫಾರಮ್ಮನ್ನು ಫಾಸ್ಜೀನ್ ಆಗಿ ಮಾರ್ಪಡಿಸುತ್ತವೆ ಎಂಬುದು ಖಚಿತವಾದದ್ದು 1977ರಲ್ಲಿ. ಮೊದಲ ಮಹಾಯುದ್ಧದಲ್ಲಿ ವಿಷಾನಿಲವಾಗಿ ಬಳಸಿದ ಅದೇ ಫಾಸ್ಜೀನ್.

ಉಸಿರಿನ ಅರಿವಳಿಕೆಗಳು ದೇಹದಲ್ಲಿ ಬದಲಾಗುತ್ತವೆ ಎಂಬುದಕ್ಕೆ ನಿರ್ವಿವಾದ ಸಾಕ್ಷ್ಯ ಸಿಕ್ಕಿದ್ದು 1964ರಲ್ಲಿ. ವ್ಯಾನ್ ಡೈಕ್, ಚೆನೊವೆತ್, ವ್ಯಾನ್ ಪೋಜ್ನಾಕ್ ಎಂಬ ಅಮೆರಿಕದ ಸಂಶೋಧಕರು ಅರಿವಳಿಕೆ ಅಣುಗಳಲ್ಲಿನ ಇಂಗಾಲ ಮತ್ತು ಕ್ಲೋರಿನ್‌ಗಳಿಗೆ ವಿಕಿರಣದ ಗುರುತು ಹಚ್ಚಿ ಪ್ರಾಣಿಗಳಿಗೆ ಕೊಟ್ಟರು. ಗುರುತಿನ ಇಂಗಾಲ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಬಂತು, ಗುರುತಿನ ಕ್ಲೋರಿನ್ ಮೂತ್ರದಲ್ಲಿ ಕ್ಲೋರೈಡ್ ಆಗಿ ಸಿಕ್ಕಿತು. ಅಣು ಮುರಿಯದೆ ಇದು ಆಗುವಂತಿಲ್ಲ. ಶತಮಾನದ ನಂಬಿಕೆ ಒಂದು ಅಳತೆಗೆ ಕುಸಿಯಿತು.

ಆ ಹೊತ್ತಿಗೆ ಜಗತ್ತಿನ ಆಪರೇಷನ್ ಥಿಯೇಟರುಗಳಲ್ಲಿ ಹ್ಯಾಲೋಥೇನ್ ತುಂಬಿಹೋಗಿತ್ತು. ಇಂಗ್ಲೆಂಡಿನ ಐಸಿಐ ಕಂಪನಿಯ ಚಾರ್ಲ್ಸ್ ಸಕ್ಲಿಂಗ್ 1951ರಲ್ಲಿ ಇದನ್ನು ತಯಾರಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನ ಮೈಕೆಲ್ ಜಾನ್‌ಸ್ಟನ್ ರೋಗಿಗಳಿಗೆ ಕೊಟ್ಟರು. ಈಥರಿನಂತೆ ಬೆಂಕಿ ಹಿಡಿಯುವ ಭಯವಿಲ್ಲ, ವಾಸನೆ ಕಟುವಲ್ಲ, ಮಕ್ಕಳೂ ಸುಲಭವಾಗಿ ಎಳೆದುಕೊಳ್ಳುತ್ತಾರೆ. ಭಾರತದಲ್ಲೂ ದಶಕಗಳ ಕಾಲ ಇದೇ ರೂಢಿಯ ಅರಿವಳಿಕೆ. ಆದರೆ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ವಿಚಿತ್ರ ವರದಿಗಳು ಬರತೊಡಗಿದವು. ಸಣ್ಣ ಆಪರೇಷನ್ ಆಗಿ ಮನೆಗೆ ಹೋದ, ಆರೋಗ್ಯವಾಗಿದ್ದ ರೋಗಿ ಕೆಲವು ದಿನಗಳ ನಂತರ ಜ್ವರದಿಂದ ಮರಳುತ್ತಿದ್ದ. ಬಳಿಕ ಕಣ್ಣು ಹಳದಿಯಾಗಿ ಯಕೃತ್ತು ಕೈಕೊಡುತ್ತಿತ್ತು. ಅಮೆರಿಕ ದೇಶವ್ಯಾಪಿ ಅಧ್ಯಯನ ಕೈಗೊಂಡು, ಸುಮಾರು 8.5 ಲಕ್ಷ ಅರಿವಳಿಕೆಗಳ ದಾಖಲೆ ತೆಗೆದು ನೋಡಿ 1969ರಲ್ಲಿ ವರದಿ ಕೊಟ್ಟಿತು. ಹ್ಯಾಲೋಥೇನಿನ ನಂತರ ಯಕೃತ್ತು ನಾಶವಾಗಿ ಸಾಯುವ ಸಂಭವ ಸುಮಾರು 35,000ಕ್ಕೆ ಒಂದು. ಬಲು ಅಪರೂಪ, ಆದರೆ ಬಂದರೆ ಜೀವ ಉಳಿಯುವುದು ಕಷ್ಟ.

ಇದರ ಹಿಂದಿನ ಕಾರಣವನ್ನು ಬಿಡಿಸಲು ಮುಂದಿನ ಎರಡು ದಶಕ ಹಿಡಿಯಿತು. ಉಸಿರಿಗೆಳೆದ ಹ್ಯಾಲೋಥೇನಿನಲ್ಲಿ ಸುಮಾರು 20 ಪ್ರತಿಶತವನ್ನು ಯಕೃತ್ತು ಒಡೆಯುತ್ತದೆ. ಕೊನೆಯ ಉತ್ಪನ್ನ ಟ್ರೈಫ್ಲೋರೋ ಅಸಿಟಿಕ್ ಆಮ್ಲ, ಅದು ನಿರಪಾಯವಾಗಿ ಮೂತ್ರದಲ್ಲಿ ಹೋಗುತ್ತದೆ. ಕಷ್ಟವಿರುವುದು ಅದಕ್ಕೆ ಒಂದು ಹೆಜ್ಜೆ ಹಿಂದೆ. ಸಿವೈಪಿ2ಇ1 ಎಂಬ ಕಿಣ್ವ ನಡುವೆ ಹುಟ್ಟಿಸುವ ಚುರುಕಿನ ಅಣು ಕಿಣ್ವದ ಕೈತಪ್ಪಿ ಯಕೃತ್ತಿನ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಇದರಿಂದ ಏನೂ ಆಗುವುದಿಲ್ಲ. ಕೆಲವರ ರೋಗನಿರೋಧಕ ವ್ಯವಸ್ಥೆ ಮಾತ್ರ ಹೀಗೆ ರೂಪ ಬದಲಿಸಿದ ಪ್ರೋಟೀನನ್ನು ಹೊರಗಿನ ವೈರಿ ಎಂದು ತಿಳಿದು ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಎರಡನೆಯ ಸಲ ಹ್ಯಾಲೋಥೇನ್ ಸಿಕ್ಕಾಗ ತನ್ನದೇ ಯಕೃತ್ತಿನ ಮೇಲೆ ದಾಳಿ ನಡೆಯುತ್ತದೆ. ಒಂದು ಸಲ ಕೊಟ್ಟ ಮೇಲೆ ಮೂರು ತಿಂಗಳೊಳಗೆ ಮತ್ತೆ ಕೊಡಬಾರದು ಎಂಬ ನಿಯಮ ಬಂದದ್ದು ಹೀಗೆ. ಮದ್ದು ತಾನಾಗಿ ವಿಷವಲ್ಲ. ದೇಹ ಅದಕ್ಕೆ ಕೊಟ್ಟ ರೂಪ ವಿಷವಾಯಿತು.

ಮೆಥಾಕ್ಸಿಫ್ಲುರೇನ್ ಎಂಬ ಇನ್ನೊಂದು ಆವಿಯ ವೃತ್ತಾಂತದಲ್ಲಿ ಪೆಟ್ಟು ತಿಂದದ್ದು ಕಿಡ್ನಿ. 1960ರಲ್ಲಿ ಬಳಕೆಗೆ ಬಂದ ಇದು ನೋವನ್ನು ಬಹಳ ಚೆನ್ನಾಗಿ ತಣಿಸುತ್ತಿತ್ತು. 1966ರಲ್ಲಿ ಕ್ರ್ಯಾಂಡಲ್ ಮತ್ತು ಸಂಗಡಿಗರು ಒಂದು ವಿಲಕ್ಷಣವನ್ನು ಗಮನಿಸಿದರು. ಇದನ್ನು ಪಡೆದ ಕೆಲವು ರೋಗಿಗಳು ಆಪರೇಷನ್ ನಂತರ ತಡೆಯಿಲ್ಲದೆ ಮೂತ್ರ ಮಾಡುತ್ತಿದ್ದರು. ದಿನಕ್ಕೆ ಲೀಟರುಗಟ್ಟಲೆ ತೆಳು ಮೂತ್ರ ಹೋಗಿ ದೇಹ ಒಣಗುತ್ತಿತ್ತು, ಕಿಡ್ನಿ ನೀರನ್ನು ಹಿಡಿದಿಡುವ ಶಕ್ತಿ ಕಳೆದುಕೊಂಡಿತ್ತು. ರಿಚರ್ಡ್ ಮೇಜ್ ಮತ್ತು ಮೈಕೆಲ್ ಕಸಿನ್ಸ್ 1970ರ ದಶಕದ ಆರಂಭದಲ್ಲಿ ಇದರ ಬೆನ್ನು ಹತ್ತಿದರು. ಈ ಮದ್ದಿನ ಅರ್ಧಕ್ಕಿಂತ ಹೆಚ್ಚು ಪಾಲು ದೇಹದಲ್ಲಿ ಒಡೆದು ಫ್ಲೋರೈಡ್ ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಫ್ಲೋರೈಡ್ ಲೀಟರಿಗೆ 50 ಮೈಕ್ರೋಮೋಲ್ ದಾಟಿದರೆ ಕಿಡ್ನಿಗೆ ಹಾನಿ ಎಂಬ ಗಡಿ ಅವರ ಕೆಲಸದಿಂದ ಗೊತ್ತಾಯಿತು. ಮೆಥಾಕ್ಸಿಫ್ಲುರೇನ್ ಥಿಯೇಟರಿನಿಂದ ಹೊರಬಿತ್ತು. ಆದರೆ ತೀರ ಅಳಿದುಹೋಗಲಿಲ್ಲ. ಆಸ್ಟ್ರೇಲಿಯಾದ ಆಂಬುಲೆನ್ಸ್‌ಗಳಲ್ಲಿ ಮೂಳೆ ಮುರಿದವರ ಕೈಗೆ ಇಂದಿಗೂ ಒಂದು ಹಸಿರು ಪೀಪಿ ಕೊಡುತ್ತಾರೆ. ಅದರೊಳಗಿರುವುದು ಮೂರು ಮಿಲಿಲೀಟರ್ ಮೆಥಾಕ್ಸಿಫ್ಲುರೇನ್. ನೋವು ತಣಿಸಲು ಅಷ್ಟು ಸಾಕು, ಕಿಡ್ನಿಗೆ ತೊಂದರೆ ಕೊಡಲು ಅಷ್ಟು ಸಾಲದು.

50ರ ಆ ಗಡಿ ಇಪ್ಪತ್ತು ವರ್ಷ ಕಟ್ಟಳೆಯಂತೆ ನಿಂತಿತು. ಅದರಿಂದ ಒಂದು ಒಳ್ಳೆಯ ಮದ್ದು ಬಹುಕಾಲ ಮೂಲೆಗೆ ಬಿದ್ದಿತ್ತು. 1970ರ ದಶಕದ ಆರಂಭದಲ್ಲೇ ತಯಾರಾಗಿದ್ದ ಸೆವೋಫ್ಲುರೇನ್ ಕೂಡ ಫ್ಲೋರೈಡ್ ಬಿಡುತ್ತದೆ ಎಂಬ ಕಾರಣಕ್ಕೆ ಅಮೆರಿಕದಲ್ಲಿ ಅದನ್ನು ಮುಂದಕ್ಕೆ ಒಯ್ಯಲಿಲ್ಲ. 1990ರಲ್ಲಿ ಜಪಾನ್ ಅದನ್ನು ಬಳಕೆಗೆ ತಂದಿತು. ಕೆಲವು ರೋಗಿಗಳ ರಕ್ತದಲ್ಲಿ ಫ್ಲೋರೈಡ್ 50 ದಾಟಿತು. ಕಿಡ್ನಿಗೆ ಏನೂ ಆಗಲಿಲ್ಲ. ಗಡಿಯೇ ತಪ್ಪೆ? ಸಿಯಾಟಲ್‌ನ ಇವಾನ್ ಖರಾಶ್ 1995ರಲ್ಲಿ ಮನುಷ್ಯರ ಕಿಡ್ನಿಯ ಅಂಗಾಂಶದ ಮೇಲೆ ಪ್ರಯೋಗ ಮಾಡಿ ಉತ್ತರ ಕೊಟ್ಟರು. ಮೆಥಾಕ್ಸಿಫ್ಲುರೇನನ್ನು ಕಿಡ್ನಿಯ ಕಿಣ್ವಗಳೇ ಜೋರಾಗಿ ಒಡೆಯುತ್ತವೆ, ಹಾಗಾಗಿ ಫ್ಲೋರೈಡ್ ಹುಟ್ಟುವುದು ಕಿಡ್ನಿಯ ಜೀವಕೋಶದ ಒಳಗೇ. ಸೆವೋಫ್ಲುರೇನ್ ಬಹುಮಟ್ಟಿಗೆ ಯಕೃತ್ತಿನಲ್ಲಿ ಒಡೆಯುತ್ತದೆ, ಕಿಡ್ನಿಯಲ್ಲಿ ಅತ್ಯಲ್ಪ. ರಕ್ತದಲ್ಲಿ ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಹುಟ್ಟಿತು ಎಂಬುದೇ ಮುಖ್ಯವಾಗಿತ್ತು. ಅರಿವಳಿಕೆಯ ಸಂಶೋಧನೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ತರ್ಕ ಸಿಗುವುದು ವಿರಳ. ಇಂದು ಮಕ್ಕಳಿಗೆ ಆಪರೇಷನ್ ಮಾಡುವಾಗ ಮೂಗು-ಬಾಯಿಗೆ ಹಿಡಿಯುವ ಮಾಸ್ಕಿನಲ್ಲಿ ಹೆಚ್ಚಾಗಿ ಇರುವುದು ಇದೇ ಸೆವೋಫ್ಲುರೇನ್.

ಈ ಅನುಭವಗಳಿಂದ ತಯಾರಕರು ಒಂದು ಪಾಠ ಕಲಿತರು: ಉಸಿರಿನ ಅರಿವಳಿಕೆಯನ್ನು ದೇಹ ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಕ್ಷೇಮ. ಹ್ಯಾಲೋಥೇನಿನಲ್ಲಿ 20 ಪ್ರತಿಶತ ಒಡೆಯುತ್ತಿದ್ದರೆ, ಐಸೋಫ್ಲುರೇನಿನಲ್ಲಿ 0.2, ಡೆಸ್‌ಫ್ಲುರೇನಿನಲ್ಲಿ 0.02. ಅಣುವಿಗೆ ಫ್ಲೋರಿನ್ನನ್ನು ಹೆಚ್ಚು ಹೆಚ್ಚು ಜೋಡಿಸಿ, ಕಿಣ್ವಗಳ ಹಲ್ಲು ನಾಟದಂತೆ ಮಾಡಿದ್ದರ ಫಲ ಇದು. ನೈಟ್ರಸ್ ಆಕ್ಸೈಡ್ ಅಂತೂ ದೇಹದಲ್ಲಿ ಒಡೆಯುವುದೇ ಇಲ್ಲವೆನ್ನಬೇಕು. ಅದರಿಂದ ಅದು ಪೂರ್ತಿ ನಿರುಪದ್ರವಿ ಎಂದಾಗುವುದಿಲ್ಲ. ಅದು ಬಿ12 ಜೀವಸತ್ವದ ನಡುವಿನಲ್ಲಿರುವ ಕೋಬಾಲ್ಟನ್ನು ಕೆಡಿಸಿ, ಆ ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. 1956ರಲ್ಲಿ ಡೆನ್ಮಾರ್ಕಿನಲ್ಲಿ ಧನುರ್ವಾಯು ರೋಗಿಗಳಿಗೆ ದಿನಗಟ್ಟಲೆ ಈ ಅನಿಲ ಕೊಟ್ಟಾಗ ಅವರ ಮೂಳೆಮಜ್ಜೆ ರಕ್ತಕಣಗಳನ್ನು ಉಂಟುಮಾಡುವುದನ್ನೇ ನಿಲ್ಲಿಸಿತ್ತು. ಸಾಮಾನ್ಯ ಆಪರೇಷನ್ನಿನ ಒಂದೆರಡು ಗಂಟೆಯಲ್ಲಿ ಇಂಥದ್ದು ಆಗುವುದಿಲ್ಲ. ಆದರೆ ಮೊದಲೇ ಬಿ12 ತೀರ ಕಡಿಮೆಯಿದ್ದವರಲ್ಲಿ ಕೈಕಾಲು ಜೋಮು, ನಡಿಗೆಯ ತೊಂದರೆ ಕಾಣಿಸಿಕೊಳ್ಳಬಹುದು. ಸಸ್ಯಾಹಾರಿಗಳು ಹೆಚ್ಚಿರುವ, ಬಿ12 ಕೊರತೆ ವ್ಯಾಪಕವಾಗಿರುವ ಭಾರತದಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಚುಚ್ಚುಮದ್ದುಗಳ ವಿಷಯದಲ್ಲಿ ಅಪೇಕ್ಷೆ ತಿರುಗುಮುರುಗು. ರಕ್ತಕ್ಕೆ ಕೊಟ್ಟ ಮದ್ದು ಉಸಿರಿನಲ್ಲಿ ಹೊರಬರುವುದಿಲ್ಲ, ಆದ್ದರಿಂದ ದೇಹ ಅದನ್ನು ಒಡೆಯಲೇಬೇಕು, ಬೇಗ ಒಡೆದಷ್ಟೂ ಒಳ್ಳೆಯದು. ಇದರ ಅತ್ಯಂತ ಚುರುಕಿನ ಉದಾಹರಣೆ ಸಕ್ಸಿನೈಲ್‌ಕೋಲಿನ್. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಸ್ಕೋಲಿನ್ ಎಂದೇ ರೂಢಿಯ ಹೆಸರು. ಇದು ಎಚ್ಚರ ತಪ್ಪಿಸುವ ಮದ್ದಲ್ಲ, ಸ್ನಾಯುಗಳನ್ನು ಸಡಿಲಿಸುವ ಮದ್ದು. ನಿದ್ರೆಯ ಮದ್ದಿನ ಬೆನ್ನಿಗೇ ಇದನ್ನು ಕೊಟ್ಟಾಗ ರೆಪ್ಪೆ, ಕೆನ್ನೆ, ಕುತ್ತಿಗೆಯಿಂದ ಶುರುವಾಗಿ ಕಾಲ್ಬೆರಳಿನವರೆಗೆ ಚರ್ಮದಡಿ ಸ್ನಾಯುಗಳು ಪುಟಪುಟನೆ ಅದುರುತ್ತವೆ. ಅದುರು ನಿಂತೊಡನೆ ಇಡೀ ದೇಹ ಜೋಲುತ್ತದೆ, ಉಸಿರೂ ನಿಲ್ಲುತ್ತದೆ. ಆ ಅವಕಾಶದಲ್ಲಿ ಅರಿವಳಿಕೆ ತಜ್ಞರು ಗಂಟಲಿಗೆ ಕೊಳವೆ ಇಳಿಸಿ ಉಸಿರನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಐದರಿಂದ ಹತ್ತು ನಿಮಿಷದಲ್ಲಿ ರೋಗಿಯ ಸ್ವಂತ ಉಸಿರು ಮರಳುತ್ತದೆ. ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಈ ಮದ್ದನ್ನು ಎಷ್ಟು ಬೇಗ ಸೀಳುತ್ತದೆಂದರೆ, ಕೊಟ್ಟದ್ದರಲ್ಲಿ ಸ್ನಾಯುವಿನವರೆಗೆ ತಲುಪುವುದೇ ಸಣ್ಣ ಪಾಲು.

ಆದರೆ ಅಪರೂಪಕ್ಕೆ ಒಬ್ಬ ರೋಗಿಯಲ್ಲಿ ಹತ್ತು ನಿಮಿಷವಾದರೂ ಉಸಿರು ಬರುವುದಿಲ್ಲ. ಅರ್ಧ ಗಂಟೆ ಕಳೆಯುತ್ತದೆ. ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋಡಿದರೆ ಹೆಬ್ಬೆರಳು ಅಲುಗುವುದಿಲ್ಲ. ಗಾಬರಿಗೆ ಕಾರಣವಿಲ್ಲ, ಆದರೆ ಮಾಡಬೇಕಾದ್ದು ಎರಡು ಕೆಲಸ: ವೆಂಟಿಲೇಟರಿನಲ್ಲಿ ಉಸಿರು ಕೊಡುತ್ತಿರಬೇಕು, ನಿದ್ರೆಯ ಮದ್ದು ತಪ್ಪದಂತೆ ನೋಡಿಕೊಳ್ಳಬೇಕು. ಎಚ್ಚರವಿದ್ದೂ ಬೆರಳು ಎತ್ತಲಾಗದ ಸ್ಥಿತಿ ಯಾರಿಗೂ ಬರಬಾರದು. ಕೆಲವು ಗಂಟೆಗಳಲ್ಲಿ ಮದ್ದು ತಾನಾಗಿ ಇಳಿಯುತ್ತದೆ, ರೋಗಿ ಪೂರ್ತಿ ಸರಿಹೋಗುತ್ತಾನೆ.

ಇಂಥವರ ರಕ್ತದಲ್ಲಿ ಕಿಣ್ವ ಕಡಿಮೆ ಇದೆಯೆಂದೇ ಮೊದಲು ಊಹಿಸಲಾಗಿತ್ತು. ಟೊರಾಂಟೊದ ವರ್ನರ್ ಕಾಲೋ 1957ರಲ್ಲಿ ಬೇರೊಂದು ಸಾಧ್ಯತೆಯನ್ನು ಪರೀಕ್ಷಿಸಿದರು. ಡಿಬುಕೇನ್ ಎಂಬ ವಸ್ತುವನ್ನು ಸೇರಿಸಿದಾಗ ಸಾಮಾನ್ಯ ಕಿಣ್ವದ ಕೆಲಸ ನೂರಕ್ಕೆ 80ರಷ್ಟು ತಡೆಹಿಡಿಯಲ್ಪಡುತ್ತಿತ್ತು. ಸ್ಕೋಲಿನ್ ಇಳಿಯದವರ ಕಿಣ್ವದಲ್ಲಿ ಅದು 20 ಮಾತ್ರ. ಅಂದರೆ ಕಿಣ್ವದ ಆಕಾರವೇ ಬೇರೆ. ಕುಟುಂಬದವರನ್ನು ಪರೀಕ್ಷಿಸಿದಾಗ ಸುಮಾರು 60 ಬರುವವರು ಸಿಕ್ಕರು, ಅವರಲ್ಲಿ ತಂದೆ-ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬದಲಾದ ಜೀನ್ ಬಂದಿತ್ತು. ಇಬ್ಬರಿಂದಲೂ ಬಂದರೆ ಮಾತ್ರ ತೊಂದರೆ. ಒಂದೇ ಮದ್ದು ಬೇರೆ ಬೇರೆ ಜನರಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುವುದಕ್ಕೆ ಜೀನ್ ಕಾರಣವೆಂದು ಇಷ್ಟು ನಿಚ್ಚಳವಾಗಿ ತೋರಿಸಿದ ಮೊದಲ ಉದಾಹರಣೆಗಳಲ್ಲಿ ಇದು ಒಂದು. ಕಾಲೋ 1962ರಲ್ಲಿ ಈ ಹೊಸ ಶಾಸ್ತ್ರದ ಮೇಲೆ ಪುಸ್ತಕವನ್ನೇ ಬರೆದರು.

ಐರೋಪ್ಯ ಮೂಲದವರಲ್ಲಿ ಈ ಸ್ಥಿತಿ ಸುಮಾರು 3,000 ಜನರಲ್ಲಿ ಒಬ್ಬರಿಗೆ. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಅದರ ಪ್ರಮಾಣ ಬಹಳ ಹೆಚ್ಚು. ಆಂಧ್ರ, ತೆಲಂಗಾಣಗಳಲ್ಲಿ ಮಾತ್ರವಲ್ಲ, ಕರ್ನಾಟಕದ ಊರೂರುಗಳಲ್ಲೂ ತಲೆಮಾರುಗಳಿಂದ ನೆಲೆಸಿರುವ ಸಮುದಾಯವಿದು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ವಿದೇಶಿ ಸಹೋದ್ಯೋಗಿಗಳ ಜೊತೆಗೂಡಿ 2006ರಲ್ಲಿ ಕಾರಣ ಗುರುತಿಸಿದರು. ಕಿಣ್ವದ ಸರಪಣಿಯ 307ನೆಯ ಕೊಂಡಿಯಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದಿತ್ತು. ಅಷ್ಟರಿಂದಲೇ ಕಿಣ್ವ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಬಹು ಹಿಂದೆ ಸಣ್ಣ ಗುಂಪಿನಿಂದ ಬೆಳೆದು, ಒಳಗೊಳಗೇ ಸಂಬಂಧ ಬೆಳೆಸುತ್ತ ಬಂದ ಯಾವುದೇ ಸಮುದಾಯದಲ್ಲಿ ಒಬ್ಬ ಪೂರ್ವಜರ ಜೀನ್ ಬದಲಾವಣೆ ಹೀಗೆ ಹರಡಬಹುದು. ಭಾರತದ ಅನೇಕ ಸಮುದಾಯಗಳಲ್ಲಿ ಬೇರೆ ಬೇರೆ ಜೀನ್‌ಗಳಿಗೆ ಹೀಗಾಗಿದೆ. ಈ ಕಿಣ್ವವಿಲ್ಲದವರು ಇಡೀ ಜೀವಮಾನ ಆರೋಗ್ಯವಾಗಿಯೇ ಬಾಳುತ್ತಾರೆ, ಸ್ಕೋಲಿನ್ ಪಡೆಯುವವರೆಗೆ ಅವರಿಗೆ ಇದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಅಕ್ಕನಿಗೋ ಸೋದರಮಾವನಿಗೋ ಆಪರೇಷನ್ ನಂತರ ಉಸಿರು ತಡವಾಗಿ ಬಂದಿತ್ತು ಎಂಬ ಮನೆಯ ಮಾತು ಅರಿವಳಿಕೆ ತಜ್ಞರಿಗೆ ಬಹಳ ಬೆಲೆಯುಳ್ಳದ್ದು. ಗೊತ್ತಿದ್ದರೆ ರೊಕ್ಯುರೋನಿಯಂನಂಥ ಬೇರೆ ಮದ್ದನ್ನು ಆರಿಸಿಕೊಳ್ಳುತ್ತಾರೆ. ಹುಟ್ಟಿನಿಂದ ಕಿಣ್ವ ಸರಿಯಿದ್ದವರಲ್ಲೂ ಅದು ಕುಗ್ಗುವ ಸಂದರ್ಭಗಳಿವೆ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ದೇಹ ಸೇರಿದರೆ ಇದೇ ಕಿಣ್ವವನ್ನು ಕಟ್ಟಿಹಾಕುತ್ತದೆ. ವಿಷ ಸೇವಿಸಿ ಬಂದ ರೋಗಿಗೆ ಸ್ಕೋಲಿನ್ ಕೊಡಲು ವೈದ್ಯರು ಹಿಂಜರಿಯುವುದು ಇದಕ್ಕೇ.

ಕಿಣ್ವದ ಹಂಗೇ ಬೇಡವೆಂದು ಹೊರಟವರು ಸ್ಕಾಟ್ಲೆಂಡಿನ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದ ಜಾನ್ ಸ್ಟೆನ್ಲೇಕ್. ಅವರ ತಂಡ ರೂಪಿಸಿದ ಅಟ್ರಾಕ್ಯೂರಿಯಂ ಕೂಡ ಸ್ನಾಯು ಸಡಿಲಿಸುವ ಮದ್ದು. ತಂಪಿನಲ್ಲಿ, ಆಮ್ಲದ ದ್ರಾವಣದಲ್ಲಿ ಅದು ಸ್ಥಿರ. ದೇಹದ 37 ಡಿಗ್ರಿ ಬಿಸುಪು, ರಕ್ತದ ಸಣ್ಣ ಕ್ಷಾರಗುಣ ಸಿಕ್ಕೊಡನೆ ತಾನಾಗಿಯೇ ಮುರಿಯತೊಡಗುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಕಂಡುಕೊಂಡ ಕ್ರಿಯೆಯನ್ನು ಇದಕ್ಕೆ ಬಳಸಿಕೊಳ್ಳಲಾಯಿತು. ಯಕೃತ್ತು ಕೆಟ್ಟಿರಲಿ, ಕಿಡ್ನಿ ನಿಂತಿರಲಿ, ಇದು ಇಳಿಯುವ ಹೊತ್ತಿಗೆ ಇಳಿಯುತ್ತದೆ. ಕಿಡ್ನಿ ಕಸಿಯಂಥ ಶಸ್ತ್ರಚಿಕಿತ್ಸೆಗಳಲ್ಲಿ ಈ ಗುಣಕ್ಕೆ ಎಣೆಯಿಲ್ಲ.

ಇಂದು ಥಯೋಪೆಂಟಾಲಿನ ಜಾಗದಲ್ಲಿ ಇರುವುದು ಹಾಲಿನಷ್ಟು ಬೆಳ್ಳಗಿನ ಪ್ರೊಪೊಫಾಲ್. ಐಸಿಐನಲ್ಲಿ ಇದನ್ನು ಬೆಳೆಸಿದ ಜಾನ್ ಗ್ಲೆನ್ ಪಶುವೈದ್ಯರು. ಈ ಕೆಲಸಕ್ಕೆ 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. 1977ರಲ್ಲಿ ಮೊದಲು ಮನುಷ್ಯರಿಗೆ ಕೊಟ್ಟಾಗ ಅದನ್ನು ಕರಗಿಸಲು ಬಳಸಿದ್ದ ವಸ್ತುವಿನಿಂದ ಕೆಲವರಿಗೆ ತೀವ್ರ ಅಲರ್ಜಿಯಾಯಿತು. ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಸೇರಿಸಿ ಹೊಸದಾಗಿ ತಯಾರಿಸಿ 1986ರಲ್ಲಿ ಮಾರುಕಟ್ಟೆಗೆ ಬಿಟ್ಟರು. ಬಿಳಿ ಬಣ್ಣ ಬಂದದ್ದು ಆ ಎಣ್ಣೆಯಿಂದ. ಇದೂ ಥಯೋಪೆಂಟಾಲಿನಂತೆ ಮೊದಲು ಹಂಚಿಕೆಯಾಗುತ್ತದೆ, ಆದರೆ ಯಕೃತ್ತು ಇದನ್ನು ಬಹುವೇಗವಾಗಿ ಗ್ಲುಕ್ಯುರಾನಿಕ್ ಆಮ್ಲಕ್ಕೆ ಜೋಡಿಸುತ್ತದೆ. ಬದಲಾಗದೆ ಮೂತ್ರದಲ್ಲಿ ಬರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಇದು ರಕ್ತದಿಂದ ತೆರವಾಗುವ ವೇಗ ಯಕೃತ್ತಿಗೆ ಹರಿಯುವ ರಕ್ತದ ವೇಗವನ್ನೂ ಮೀರುತ್ತದೆ. ಹಾಗಿದ್ದರೆ ಬೇರೆ ಅಂಗವೂ ಕೈಜೋಡಿಸುತ್ತಿರಬೇಕು. ಯಕೃತ್ತಿನ ಕಸಿಯ ವೇಳೆ, ಹಳೆಯದನ್ನು ತೆಗೆದು ಹೊಸದನ್ನು ಜೋಡಿಸುವ ನಡುವಿನ ಹೊತ್ತಿನಲ್ಲೂ ಪ್ರೊಪೊಫಾಲಿನ ಒಡೆದ ರೂಪಗಳು ಸಿಕ್ಕಿದ್ದರಿಂದ ಇದು ದೃಢವಾಯಿತು. ಕಿಡ್ನಿಗೂ ಇದರಲ್ಲಿ ದೊಡ್ಡ ಪಾಲಿದೆ. ನವಜಾತ ಶಿಶುಗಳಲ್ಲಿ ಈ ಕಿಣ್ವಗಳು ಇನ್ನೂ ಬಲಿತಿರುವುದಿಲ್ಲ, ಅವರಿಗೆ ಲೆಕ್ಕವೇ ಬೇರೆ.

ಹನಿಹನಿಯಾಗಿ ಗಂಟೆಗಟ್ಟಲೆ ಕೊಟ್ಟ ಮದ್ದು ಇಳಿಯಲು ಎಷ್ಟು ಹೊತ್ತು ಬೇಕು ಎಂಬುದನ್ನು ಅದರ ಅರ್ಧಾಯುಷ್ಯ ಒಂದರಿಂದಲೇ ಹೇಳಲಾಗದು ಎಂದು 1992ರಲ್ಲಿ ಹ್ಯೂಸ್, ಗ್ಲಾಸ್ ಮತ್ತು ಜೇಕಬ್ಸ್ ಲೆಕ್ಕ ಹಾಕಿ ತೋರಿಸಿದರು. ಎಷ್ಟು ಹೊತ್ತು ಕೊಡಲಾಗಿತ್ತು ಎಂಬುದರ ಮೇಲೆ ಅದು ನಿಲ್ಲುತ್ತದೆ. ನೋವು ನೀಗುವ ಫೆಂಟನಿಲ್ ಸಣ್ಣ ಪ್ರಮಾಣದಲ್ಲಿ ಬೇಗ ಇಳಿಯುತ್ತದೆ. ಎಂಟು ಗಂಟೆ ಸತತವಾಗಿ ಕೊಟ್ಟು ನಿಲ್ಲಿಸಿದರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕು ಗಂಟೆಗೂ ಮಿಗಿಲು ಬೇಕು. ಅದರ ಸಂಬಂಧಿ ರೆಮಿಫೆಂಟನಿಲನ್ನು ಬೇಕೆಂದೇ ದುರ್ಬಲ ಕೊಂಡಿಯೊಂದನ್ನಿಟ್ಟು ಕಟ್ಟಲಾಗಿದೆ. ರಕ್ತದಲ್ಲಿ, ಅಂಗಾಂಶಗಳಲ್ಲಿ ಎಲ್ಲೆಡೆ ಇರುವ ಎಸ್ಟರೇಸ್ ಕಿಣ್ವಗಳು ಆ ಕೊಂಡಿಯನ್ನು ಕತ್ತರಿಸುತ್ತವೆ. ಒಂದು ಗಂಟೆ ಕೊಟ್ಟಿರಲಿ, ಹತ್ತು ಗಂಟೆ ಕೊಟ್ಟಿರಲಿ, ಮೂರು-ನಾಲ್ಕು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇದರ ಇನ್ನೊಂದು ಮುಖವೆಂದರೆ, ನಿಲ್ಲಿಸಿದ ಕೂಡಲೇ ನೋವೂ ಮರಳುತ್ತದೆ. ಬೇರೆ ನೋವುನಿವಾರಕವನ್ನು ಮುಂಚಿತವಾಗಿ ಕೊಟ್ಟಿರಬೇಕು. 2020ರಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಮಿಮಜೋಲಾಮ್ ಎಂಬ ಮಂಪರಿನ ಮದ್ದೂ ಇದೇ ಜಾಡಿನದು.

ಹಲ್ಲು ಕೀಳುವಾಗ ವಸಡಿಗೆ ಕೊಡುವ ಮದ್ದುಗಳಲ್ಲೂ ಇಂಥದೇ ಎರಡು ಕವಲು. 1905ರ ಪ್ರೊಕೇನ್ ಎಸ್ಟರ್ ಜಾತಿಯದು, ರಕ್ತದ ಕಿಣ್ವ ಒಡೆಯುತ್ತದೆ. ಒಡೆದಾಗ ಹುಟ್ಟುವ ವಸ್ತು ಕೆಲವರಿಗೆ ಅಲರ್ಜಿ ತರುತ್ತದೆ. ಸ್ಟಾಕ್‌ಹೋಮಿನಲ್ಲಿ ನಿಲ್ಸ್ ಲಾಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ತಯಾರಿಸಿದ, ಜೈಲೋಕೇನ್ ಎಂದು ಮನೆಮಾತಾದ ಲಿಡೋಕೇನ್ ಅಮೈಡ್ ಜಾತಿಯದು. ಇದನ್ನು ಯಕೃತ್ತೇ ಒಡೆಯಬೇಕು. ಹೃದಯ ದುರ್ಬಲವಾಗಿ ಯಕೃತ್ತಿಗೆ ರಕ್ತದ ಹರಿವು ತಗ್ಗಿದವರಲ್ಲಿ ಇದು ನಿಧಾನವಾಗಿ ಇಳಿಯುತ್ತದೆ.

ಆಪರೇಷನ್ನಿಗೆ ಮುನ್ನ ಅರಿವಳಿಕೆ ತಜ್ಞರು ಕೇಳುವ, ಎಷ್ಟೋ ಮಂದಿಗೆ ಅನಗತ್ಯವೆನಿಸುವ ಪ್ರಶ್ನೆಗಳ ಬೇರು ಇಲ್ಲೆಲ್ಲ ಹರಡಿದೆ. ದಿನವೂ ಮದ್ಯ ಕುಡಿಯುವವರ ಯಕೃತ್ತಿನಲ್ಲಿ ಸಿವೈಪಿ2ಇ1 ಕಿಣ್ವ ಹೆಚ್ಚಾಗಿರುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆಯೂ ಅದನ್ನು ಹೆಚ್ಚಿಸುತ್ತದೆ. ಫ್ಲೋರಿನ್ ಇರುವ ಆವಿಗಳು ಅವರಲ್ಲಿ ಹೆಚ್ಚು ಒಡೆಯಬಹುದು. ಕುಡಿತದ ವಿಷಯವನ್ನು ಮನೆಯವರ ಮುಂದೆ ಹೇಳಲು ಸಂಕೋಚವಾದರೆ ವೈದ್ಯರಿಗೆ ಒಂಟಿಯಾಗಿಯಾದರೂ ಹೇಳಲೇಬೇಕು. ಹಿಂದಿನ ಅರಿವಳಿಕೆಯ ದಾಖಲೆ, ನಡೆಯುತ್ತಿರುವ ಮಾತ್ರೆಗಳ ಚೀಟಿ, ಮನೆಯಲ್ಲಿ ಯಾರಿಗಾದರೂ ಆಪರೇಷನ್ ವೇಳೆ ಆದ ತೊಂದರೆ, ಇಷ್ಟನ್ನು ತಿಳಿಸಿದರೆ ತಜ್ಞರ ಅರ್ಧ ಕೆಲಸ ಹಗುರಾಗುತ್ತದೆ.

ದೇಹ ಮುಟ್ಟದ ಅನಿಲಗಳು ರೋಗಿಗೆ ಕ್ಷೇಮ ತಂದವು, ಆದರೆ ಹೊಸದೊಂದು ಲೆಕ್ಕವನ್ನೂ ತೆರೆದವು. ಒಡೆಯದೆ ಉಸಿರಿನಲ್ಲಿ ಹೊರಬಂದ ಡೆಸ್‌ಫ್ಲುರೇನ್ ಥಿಯೇಟರಿನ ಕೊಳವೆಯ ಮೂಲಕ ಆಸ್ಪತ್ರೆಯ ಹೊರಗೆ, ವಾತಾವರಣಕ್ಕೆ ಸೇರುತ್ತದೆ. ಕಿಣ್ವಗಳಿಗೆ ಬಗ್ಗದಂತೆ ಕಟ್ಟಿದ ಅಣು ಗಾಳಿಯಲ್ಲೂ ಸುಲಭವಾಗಿ ಒಡೆಯುವುದಿಲ್ಲ, ಸುಮಾರು 14 ವರ್ಷ ಉಳಿಯುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ 2,500 ಪಟ್ಟಿನಷ್ಟು ಶಾಖ ಹಿಡಿಯುತ್ತದೆ. ಸೆವೋಫ್ಲುರೇನಿನದು ಸುಮಾರು 130 ಪಟ್ಟು. ನೈಟ್ರಸ್ ಆಕ್ಸೈಡ್ ಶತಮಾನದಷ್ಟು ಕಾಲ ಉಳಿಯುತ್ತದೆ. 2023ರಲ್ಲಿ ಸ್ಕಾಟ್ಲೆಂಡ್ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಡೆಸ್‌ಫ್ಲುರೇನ್ ಬಳಕೆ ನಿಲ್ಲಿಸಿತು. ಐರೋಪ್ಯ ಒಕ್ಕೂಟದ ನಿಯಮದಂತೆ 2026ರ ಜನವರಿ 1ರಿಂದ, ವೈದ್ಯಕೀಯವಾಗಿ ಬೇರೆ ದಾರಿಯಿಲ್ಲದ ಸಂದರ್ಭ ಬಿಟ್ಟು ಅದನ್ನು ಕೊಡುವಂತಿಲ್ಲ. ಹಲವು ಕಡೆ ಅರಿವಳಿಕೆ ತಜ್ಞರು ಆವಿಯ ಬದಲು ಪ್ರೊಪೊಫಾಲನ್ನೇ ಹನಿಸುವ ಕ್ರಮಕ್ಕೆ ಹೊರಳುತ್ತಿದ್ದಾರೆ. ಸಿರಿಂಜಿನಲ್ಲಿ ಉಳಿದ ಪ್ರೊಪೊಫಾಲ್ ಜಲಚರಗಳಿಗೆ ವಿಷ, ಹಾಗಾಗಿ ಅದನ್ನು ಚರಂಡಿಗೆ ಸುರಿಯದೆ ಸುಟ್ಟು ನಾಶಮಾಡಬೇಕು. ದೇಹದೊಳಗೆ ಹೋದ ಪಾಲನ್ನು ಮಾತ್ರ ಯಕೃತ್ತು ಮತ್ತು ಕಿಡ್ನಿಗಳೇ ಬೇರೆ ರೂಪಕ್ಕೆ ಇಳಿಸಿ ಹೊರಗೆ ಕಳಿಸುತ್ತವೆ.